ಮೇಲ್ಕೇರಿ ಕುದುರೆಗೆ ಗೆಜ್ಜೆ

ನನ್ನ ವಾರಿಗೆಯ ಹೆಣ್ಣುಮಕ್ಕಳು ತವರಿಗೆ ಹೋಗಬೇಕಾದರೆ ಬಸ್ಸು ಹತ್ತುತ್ತಿದ್ದರು. ನಾನು ಒಂದು ಚರಂಡಿ ದಾಟುತ್ತಿದ್ದೆ. ಶಿಡ್ಲಘಟ್ಟದಿಂದ ಸಾದಲಿಯ ಕಡೆಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನಲ್ಲಿ ಚರಂಡಿಯ ಆ ಕಡೆಯದು ಕೆಳಕೇರಿ, ಈ ಕಡೆಯದು ಮೇಲ್ಕೇರಿ. ಮೇಲ್ಕೇರಿ ಎಷ್ಟು ಮೇಲಿತ್ತೆಂದರೆ, ಮಳೆ ಬಂದಾಗ ನೀರು ಯಾವ ಕಡೆ ಹರಿಯಬೇಕೆಂದು ಯೋಚಿಸುತ್ತ ನಿಲ್ಲುತ್ತಿತ್ತು. ಆದರೂ ಅಲ್ಲಿಯವರಿಗೆ ತಾವು ಮೇಲೆ ಎಂಬ ಜಂಬ. ನಾನು ಹುಟ್ಟಿದ್ದು ಕೆಳಕೇರಿಯಲ್ಲಿ, ಸೊಸೆಯಾಗಿ ಬಂದದ್ದು ಮೇಲ್ಕೇರಿಗೆ. ಎರಡೂ ಮನೆಯವರು ಜಟಕಾ ಹೊಡೆಯುತ್ತಿದ್ದರು. ಒಂದಿಷ್ಟು ಹೊಲವಿತ್ತು, ಜೊತೆಗೆ ರೇಷ್ಮೆಹುಳು.

ವರ್ಷವೆಲ್ಲ ಎರಡು ಕೇರಿಯವರೂ ಮಜ್ಜಿಗೆಗೆ ಹೆಪ್ಪು, ಒಲೆಗೆ ಕೆಂಡ ಕೊಟ್ಟು ತಂದು ಮಾಡುತ್ತಿದ್ದರು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವತ್ತು ಕುದುರೆ ಓಟ.

ಓಟ ನಡೆಯುತ್ತಿದ್ದದ್ದು ಬತ್ತಿದ ಕೆರೆಯ ಅಂಗಳದಲ್ಲಿ. ಕೋಡಿಯ ಕಲ್ಲಿನ ಹತ್ತಿರ ಹೊರಟು, ಆಚೆ ದಡದ ಒಂಟಿ ಹೊಂಗೆಮರ ಸುತ್ತಿಕೊಂಡು, ತಿರುಗಿ ಕೋಡಿಕಲ್ಲಿಗೆ ಬಂದು ಮುಟ್ಟಬೇಕು. ಕೇರಿಗೆ ಒಂದೇ ಕುದುರೆ. ಓಟಕ್ಕೆಂದೇ ಕೊಬ್ಬಿಸಿದ ಕುದುರೆ ಕೂಡದು, ವರ್ಷವೆಲ್ಲ ಗಾಡಿ ಎಳೆದದ್ದೇ ಆಗಬೇಕು. ಜೀನು ಇಲ್ಲ, ಚಾಟಿ ಇಲ್ಲ. ಕೆರೆಯ ಮಣ್ಣು ಒಣಗಿ ಹಿಟ್ಟಾಗಿರುತ್ತಿತ್ತು. ಎರಡು ಕುದುರೆ ಓಡಿದರೆ ಸಾಕು, ಆನೆ ಬಂದರೂ ಕಾಣದಷ್ಟು ದೂಳು. ಯಾರು ಮುಂದೆ ಯಾರು ಹಿಂದೆ ಎಂದು ಏರಿಯ ಮೇಲೆ ನಿಂತವರಿಗೆ ತಿಳಿಯಬೇಕಲ್ಲ, ಅದಕ್ಕೇ ಒಂದು ಕಟ್ಟಳೆ ಇತ್ತು: ಕೆಳಕೇರಿ ಕುದುರೆಯ ಕೊರಳಿಗೆ ಗೆಜ್ಜೆಪಟ್ಟಿ, ಮೇಲ್ಕೇರಿ ಕುದುರೆಗೆ ಏನೂ ಇಲ್ಲ. ಹೆಜ್ಜೆಯ ಸದ್ದು ಮುಂದೆ ಬಂದು ಗೆಜ್ಜೆ ಹಿಂದೆ ಉಳಿದರೆ ಮೇಲ್ಕೇರಿ ಮುಂದಿದೆ ಎಂದು ಅರ್ಥ. ಗೆದ್ದ ಕೇರಿಯವರು ಕೆರೆಯ ನಡುಗುಂಡಿಯ ಕಪ್ಪು ಗೋಡುಮಣ್ಣನ್ನು ಮೊದಲು ತೋಡಿ ತಮ್ಮ ಹಿಪ್ಪುನೇರಳೆ ತೋಟಗಳಿಗೆ ಗೊಬ್ಬರವಾಗಿ ಹೊಡೆದುಕೊಳ್ಳಬಹುದಿತ್ತು. ಸೋತ ಸವಾರ ಅವತ್ತು ಸಂಜೆ ಮನೆಮಂದಿಯ ಸಮೇತ ಗೆದ್ದವನ ಮನೆಗೆ ಹೋಗಿ ಮರ್ಯಾದೆಯಾಗಿ ಉಂಡು ಬರಬೇಕಿತ್ತು. ಆ ಊಟ ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟವೆಂದು ನನ್ನ ಮಾವನನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು.

ಕೆಳಕೇರಿಗೆ ಓಡುತ್ತಿದ್ದದ್ದು ನನ್ನ ಅಪ್ಪನ ಹೆಣ್ಣುಕುದುರೆ, ಸವಾರ ನನ್ನ ಅಪ್ಪ. ಮೇಲ್ಕೇರಿಗೆ ಓಡುತ್ತಿದ್ದದ್ದು ಅದೇ ಕುದುರೆಯ ಮರಿ, ಸವಾರ ನನ್ನ ಗಂಡ. ಇದೇ ನನ್ನ ಕರ್ಮ.

ಆ ಮರಿ ಹುಟ್ಟಿದಾಗ ಒದ್ದೆ ಮೈ ಒರೆಸಿದವಳು ನಾನು. ಕಾಲೂರಲು ಬಾರದೆ ಅದು ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸಿದವಳೂ ನಾನೇ. ಹಾಲು ಬಿಡುವ ತನಕ ಅದು ತಾಯಿಯ ಜೊತೆಯಲ್ಲೇ ಶಿಡ್ಲಘಟ್ಟಕ್ಕೆ ಹೋಗಿ ಬರುತ್ತಿತ್ತು. ಜಟಕಾದ ಎಡಗಡೆ ಮೂಕಿಮರಕ್ಕೆ ಒಂದು ಹಗ್ಗ, ಹಗ್ಗದ ತುದಿಗೆ ಮರಿ. ತಾಯಿಯ ಕೊರಳ ಗೆಜ್ಜೆ ಕೇಳಿಸುತ್ತ ಇರಬೇಕು, ಮರಿ ಆ ಸದ್ದಿನ ಪಕ್ಕದಲ್ಲಿ ಓಡುತ್ತ ಇರಬೇಕು. ಜಟಕಾದವರ ಮನೆಯ ಮರಿಗಳೆಲ್ಲ ನಡಿಗೆ ಕಲಿಯುವುದು ಹೀಗೆಯೇ. ಮದುವೆ ಗೊತ್ತಾದಾಗ ಏನು ಬೇಕಮ್ಮ ಎಂದು ಅಪ್ಪ ಕೇಳಿದ. ನಾನು ಮರಿ ಎಂದೆ. ಕಿವಿಗೆ ಓಲೆ ಕೇಳುತ್ತಾಳೆ ಎಂದು ಕಾದಿದ್ದ ಅಮ್ಮ ಹಣೆ ಚಚ್ಚಿಕೊಂಡಳು.

ಅತ್ತೆಮನೆಗೆ ಬಂದ ಹೊಸದರಲ್ಲಿ ಮರಿ ನಿದ್ದೆ ಮಾಡಲಿಲ್ಲ, ನಮಗೂ ಮಾಡಗೊಡಲಿಲ್ಲ. ಚರಂಡಿಯ ಆ ಕಡೆಯಿಂದ ತಾಯಿ ಕೂಗುವುದು, ಈ ಕಡೆಯಿಂದ ಇದು ಕೂಗುವುದು. ಕೊನೆಗೆ ಅಪ್ಪ ಬಂದ. ಅವನ ಕುದುರೆಯ ಗೆಜ್ಜೆಪಟ್ಟಿಗೆ ಎರಡು ಎಳೆ. ಒಂದು ಎಳೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದನ್ನ ಕೊಟ್ಟಿಗೇಲಿ ಗಾಳಿ ಬಡಿಯೋ ಕಡೆ ನೇತಾಕಮ್ಮ. ಮಲಕ್ಕೊಂತದೆ. ಗೆಜ್ಜೆ ಜೋಪಾನ," ಎಂದ. ನೇತುಹಾಕಿದೆ. ಮರಿ ಮಲಗಿತು. ಅಪ್ಪ ಹೊರಡುವಾಗ ಬಾಗಿಲಲ್ಲಿ ನಿಂತು, "ಗೆಜ್ಜೆ ಜೋಪಾನ. ಕಳೀಬೇಡ," ಎಂದು ಮತ್ತೊಂದು ಸಲ ಹೇಳಿದ. ಹಿತ್ತಾಳೆಯ ಮೇಲೆ ಇಷ್ಟು ಆಸೆಯೇ ಎಂದುಕೊಂಡೆ. ಮರಿ ಹೊಸ ಜಾಗಕ್ಕೆ ಒಗ್ಗಿದ ಮೇಲೆ ಆ ಪಟ್ಟಿಯನ್ನು ಮೊಳೆಯಿಂದ ತೆಗೆದು ಅಟ್ಟದ ಮೇಲಿಟ್ಟೆ.

ಮರಿ ಬೆಳೆದು ಕುದುರೆಯಾಯಿತು. ನಾನು ಮಾತ್ರ ಮರಿ ಎಂದೇ ಕರೆಯುತ್ತಿದ್ದೆ. ಹಣೆಯಲ್ಲಿ ಬಿಳಿ ಬೊಟ್ಟು, ಕಾಲು ನೀಳ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಯಾರ ಜಟಕಾ ಕಂಡರೂ ಹಿಂದೆ ಹಾಕಿ ಹೋಗುತ್ತಿತ್ತು. ಮೇಲ್ಕೇರಿಯವರು ಮೀಸೆ ತಿರುವಿದರು. ಇನ್ನು ಕೆರೆಯ ಗೋಡೆಲ್ಲ ನಮ್ಮದೇ ಎಂದು ಮಾವ ಗುದ್ದಲಿ ಮಸೆಸಿಟ್ಟರು.

ಮೊದಲ ವರ್ಷ ಸೋತಿತು. ಹುಡುಗು ಕುದುರೆ, ಬೆದರಿರಬೇಕು ಎಂದರು. ಎರಡನೆಯ ವರ್ಷವೂ ಸೋತಿತು. ಆ ಸಲ ದೂಳು ಅಷ್ಟಿರಲಿಲ್ಲವಾದ್ದರಿಂದ ಎಲ್ಲರೂ ಕಣ್ಣಾರೆ ಕಂಡರು. ಮರಿ ಹಾರಿಕೊಂಡು ಹೋಗಿ ತಾಯಿಯ ಎಡಪಕ್ಕೆ ಸೇರಿತು. ಸೇರಿದ್ದೇ ತಡ, ಹೆಜ್ಜೆ ತಗ್ಗಿಸಿ, ದೇವರ ಜೊತೆ ಪಲ್ಲಕ್ಕಿ ಹೋದ ಹಾಗೆ ಹೋಯಿತು. ನನ್ನ ಗಂಡ ಹಿಮ್ಮಡಿಯಲ್ಲಿ ತಿವಿದರು, ಕೂಗಿದರು, ಬೇಡಿಕೊಂಡರು. ಅದು ಕೇಳಲಿಲ್ಲ. ಕೋಡಿಕಲ್ಲಿಗೆ ಬರುವ ತನಕ ತಾಯಿಯ ಭುಜ ಬಿಟ್ಟು ಮುಂದೆ ಒಂದು ಗೇಣು ಹೋಗಲಿಲ್ಲ.

ಸಂಜೆ ನಾವೆಲ್ಲ ನನ್ನ ತವರಿಗೆ ಉಣ್ಣಲು ಹೋದೆವು. ಅಪ್ಪ ಬೇಕೆಂದೇ ಮಾವನ ಎಲೆಗೆ ಬಾಡಿನ ಮೇಲೆ ಬಾಡು ಬಡಿಸಿದ. ಮಾವ ತಲೆ ಎತ್ತಲಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತವರು ನನಗೆ ಕೇಳಲೆಂದೇ ಗಂಡನಿಗೆ ಹೇಳಿದರು.

"ಹುಡುಗಿ ತಂದ ಕುದುರೆ ಹುಡುಗಿ ತವರನ್ನೇ ಗೆಲ್ಲಿಸ್ತದೆ. ಮುಂದಿನ ಹೊಸತೊಡಕಿಗೂ ಹಿಂಗೇ ಆದ್ರೆ ಚಿಂತಾಮಣಿ ದಲ್ಲಾಳಿಗೆ ಮಾರಿಬಿಡ್ತೀನಿ. ಆಮ್ಯಾಕೆ ಯಾರೂ ಅಳಬಾರ್ದು."

ಅತ್ತೆ ಅದಕ್ಕೆ ಒಗ್ಗರಣೆ ಹಾಕಿದರು. "ಅದರ ಕಿವೀಲಿ ಏನು ಊದಿ ಕಳಿಸ್ತೀಯೇ ನೀನು? ನಮ್ಮ ಕೇರಿ ನಮ್ಮ ಕೇರಿ ಅಂತೀಯಲ್ಲ, ಯಾವ್ದಮ್ಮ ನಿನ್ನ ಕೇರಿ?"

ನನ್ನ ಗಂಡ ಒಳ್ಳೆಯವರು. ಆದರೆ ಅವರ ಅಪ್ಪನ ಎದುರಿಗೆ ಬಾಯಿಗೆ ಬೀಗ. ನನಗೆ ಬಂದ ಸಿಟ್ಟಿಗೆ ಕೊಟ್ಟಿಗೆಗೆ ಹೋಗಿ ಮರಿಯ ಕುತ್ತಿಗೆಗೆ ಒಂದು ಏಟು ಹಾಕಿದೆ. ಅದು ಮೂತಿ ತಂದು ನನ್ನ ಹೆಗಲ ಮೇಲಿಟ್ಟಿತು. ನಾನು ಒರೆಸಿ ಎತ್ತಿ ನಿಲ್ಲಿಸಿದ ಕಾಲುಗಳು ಯಾವನದೋ ಸುಣ್ಣದ ಗಾಡಿ ಎಳೆಯುವುದೇ? ಈ ಕೊಟ್ಟಿಗೆಯಿಂದ ಇದನ್ನು ಯಾವನೂ ಬಿಚ್ಚಿಕೊಂಡು ಹೋಗಬಾರದು, ಹೋಗಕೂಡದು ಎಂದು ಅಲ್ಲೇ ಹಲ್ಲು ಕಚ್ಚಿ ತೀರ್ಮಾನ ಮಾಡಿದೆ.

ತೀರ್ಮಾನ ಮಾಡಿದೆನೇ ಹೊರತು ದಾರಿ ಗೊತ್ತಿರಲಿಲ್ಲ. ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗುವಾಗಲೆಲ್ಲ ನಾನೂ ಜಟಕಾ ಹತ್ತಿ ಗಂಡನ ಪಕ್ಕ ಕೂರತೊಡಗಿದೆ. ಹೆಂಗಸು ಮುಂದೆ ಕೂರುವುದೇ ಎಂದು ಅತ್ತೆ ಗೊಣಗಿದರು. ಗೂಡಿನ ಬುಟ್ಟಿ ಹಿಂದೆ ಇದೆಯಲ್ಲ, ನಾನು ಎಲ್ಲಿ ಕೂರಲಿ ಎಂದೆ. ಕೂತು ಕುದುರೆಯ ಕಿವಿಯನ್ನೇ ನೋಡುತ್ತಿದ್ದೆ. ಬೇರೆ ಯಾವ ಜಟಕಾ ಮುಂದೆ ಇದ್ದರೂ ಕಿವಿ ಮುಂದಕ್ಕೆ ನಿಲ್ಲುತ್ತಿತ್ತು. ಅಪ್ಪನ ಜಟಕಾದ ಹತ್ತಿರ ಬಂದರೆ ಮಾತ್ರ ಕಿವಿ ಪಕ್ಕಕ್ಕೆ ಬೀಳುತ್ತಿತ್ತು, ಹೆಜ್ಜೆ ಸಡಿಲವಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಹೀಗೆಯೇ ಹೋಗುತ್ತಿದ್ದೆವು. ಮುಂದೆ ಅಪ್ಪನ ಜಟಕಾ. ನಾನು ಕಿವಿಯನ್ನೇ ನೋಡುತ್ತ ಇದ್ದೆ. ಕಿವಿ ಬೀಳಲಿಲ್ಲ. ಮರಿ ಸರಸರನೆ ಹೋಗಿ ತಾಯಿಯ ಪಕ್ಕ ಬಂದು, ಪಕ್ಕ ದಾಟಿ, ಮುಂದೆ ಹೊರಟೇ ಹೋಯಿತು! ಗಂಡ ಬಾಯಿ ತೆರೆದು ನನ್ನ ಮುಖ ನೋಡಿದರು. ನಾನು ತಿರುಗಿ ಅಪ್ಪನ ಕುದುರೆಯ ಕೊರಳು ನೋಡಿದೆ. ಬರಿದಾಗಿತ್ತು.

"ಗೆಜ್ಜೆ ಎಲ್ಲಪ್ಪ?" ಎಂದು ಕೂಗಿದೆ.

"ಪಟ್ಟಿ ಕಿತ್ತೋಯ್ತು ಕಣಮ್ಮ. ಹೊಲಿಯಕ್ಕೆ ಕೊಟ್ಟಿವ್ನಿ," ಎಂದ ಅಪ್ಪ. ಆಮೇಲೆ ಏಕೋ ಮುಖ ಆ ಕಡೆ ತಿರುಗಿಸಿಕೊಂಡ.

ಹಾಗಾದರೆ ಮರಿಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ತಾಯಿಯಲ್ಲ, ತಾಯಿಯ ಗೆಜ್ಜೆ. ಆ ಸದ್ದನ್ನು ಬಿಟ್ಟು ಮುಂದೆ ಹೋದರೆ ತಬ್ಬಲಿಯಾಗುತ್ತೇನೆಂದು ಅದರ ಭಯ. ಇದು ತಿಳಿದದ್ದೇ, ನನಗೆ ಜಟಕಾದಿಂದ ಇಳಿದು ಕುಣಿಯಬೇಕು ಅನ್ನಿಸಿತು. ಆದರೆ ಕೆಳಕೇರಿ ಕುದುರೆಯ ಗೆಜ್ಜೆ ಬಿಚ್ಚಿಸಲು ಸಾಧ್ಯವೇ? ಅದು ಊರ ಕಟ್ಟಳೆ. ಅಪ್ಪನನ್ನು ಬಿಚ್ಚು ಎಂದು ಬೇಡುವುದು ನನ್ನ ಜಾಯಮಾನವೂ ಅಲ್ಲ. ಆ ಸದ್ದು ಎಲ್ಲಿ ಹೋದರೂ ಜೊತೆಗೇ ಇದೆ ಎಂದು ಮರಿಗೆ ಅನ್ನಿಸಬೇಕು. ಮನೆಗೆ ಬಂದವಳೇ ಅಟ್ಟ ಹತ್ತಿದೆ. ಹಳೆ ಗೆಜ್ಜೆಪಟ್ಟಿ ಜೇಡರ ಬಲೆಯಲ್ಲಿ ಬಿದ್ದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಅದನ್ನು ಮರಿಯ ಕೊರಳಿಗೆ ಕಟ್ಟಿದೆ. ಅದು ತಾಯಿ ಬಂದಳೆಂದು ತಿಳಿದು ಕಟ್ಟಿದ ಗೂಟದ ಸುತ್ತ ಸುತ್ತಿತು, ಸುತ್ತಿ ಸುತ್ತಿ ಹಗ್ಗ ಕುತ್ತಿಗೆಗೆ ಬಿಗಿದುಕೊಂಡಿತು. ಗಾಡಿಗೆ ಹೂಡಿದರೆ ಹೆಜ್ಜೆಗೊಂದು ಸಲ ಹಿಂದಕ್ಕೆ ತಿರುಗಿ ನೋಡಿತು. ಶಿಡ್ಲಘಟ್ಟ ಮುಟ್ಟುವುದರಲ್ಲಿ ಗೂಡಿನ ಸಂತೆಯೇ ಮುಗಿದಿತ್ತು. ಗಂಡನಿಗೂ ರೇಗಿತು. "ಬಿಚ್ಚಾಕೇ ಸಾಕು, ಜನ ನಗ್ತಾರೆ," ಎಂದರು. "ನಗ್ಲಿ, ಅವರಿಗೇನು ಕೆಲ್ಸ," ಎಂದೆ.

ಮಾವನ ಕಣ್ಣಿಗೆ ಬಿದ್ದಾಗ ಮನೆಯ ಹೆಂಚೇ ಹಾರಿತು. "ಮೇಲ್ಕೇರಿ ಕುದುರೆಗೆ ಗೆಜ್ಜೆನಾ! ನಮ್ಮಪ್ಪ ಕಟ್ಟಿಲ್ಲ, ನಮ್ಮ ತಾತ ಕಟ್ಟಿಲ್ಲ. ಕೆಳಕೇರಿಯೋರ ಪಟ್ಟಿ ತಂದು ನಮ್ಮ ಕುದುರೆ ಕೊರಳಿಗೆ ಸುತ್ತುತೀಯಾ?"

ಮಾವನ ಎದುರಿಗೆ ಅಲ್ಲಿಯವರೆಗೆ ನಾನು ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ. ಅವತ್ತು ಸೆರಗು ಸಿಕ್ಕಿಸಿಕೊಂಡು ನಡುಮನೆಯಲ್ಲಿ ನಿಂತೆ. "ಗೆಜ್ಜೆ ಕಟ್ಟಿ ಗೆದ್ರೆ ನಾಚಿಕೆನೋ, ಕಟ್ಟದೆ ಸೋತು ಅವರ ಮನೇಲಿ ಉಂಡು ಬಂದ್ರೆ ನಾಚಿಕೆನೋ, ನೀವೇ ಹೇಳಿ ಮಾವ. ಹೊಸತೊಡಕಿನವರೆಗೆ ಕುದುರೆ ನನ್ನದು. ಸೋತ್ರೆ ನಾನೇ ಹಗ್ಗ ಬಿಚ್ಚಿ ದಲ್ಲಾಳಿ ಕೈಗೆ ಕೊಡ್ತೀನಿ."

ಕೈಯಾರೆ ಕೊಡುವ ಮಾತು ಏಕೆ ಆಡಿದೆನೋ. ಮಾವ "ಆಗ್ಲಿ," ಎಂದು ಹೊರಗೆ ಹೋದರು.

ಅಂದಿನಿಂದ ಯುಗಾದಿಯವರೆಗೆ ನಾನು ಚರಂಡಿ ದಾಟಲಿಲ್ಲ. ಕಿವಿಯಲ್ಲಿ ಊದುತ್ತಾಳೆ ಎಂದ ಬಾಯಿಗಳಿಗೆ ಮೇವು ಹಾಕಬಾರದು ಎಂದು ಹಟ. ಎದುರಿಗೆ ಅಮ್ಮನ ಮನೆಯ ಹೊಗೆ ಕಾಣುತ್ತಿತ್ತು, ಅಮ್ಮ ಒಗ್ಗರಣೆ ಹಾಕಿದರೆ ವಾಸನೆ ಬರುತ್ತಿತ್ತು. ಹೋಗಲಿಲ್ಲ. ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ, ಮರಿಯನ್ನು ಹಿಡಿದುಕೊಂಡು ಕೆರೆಯ ಕಡೆ ಹೊರಡುತ್ತಿದ್ದೆ. ನೀರು ಹಿಂದೆ ಸರಿದ ಕಡೆಯೆಲ್ಲ ಅದರ ಜೊತೆಯಲ್ಲಿ ನಡೆದೆ, ಆಮೇಲೆ ಸೀರೆ ಎತ್ತಿಕಟ್ಟಿ ಓಡಿದೆ. ಗೆಜ್ಜೆ ಅದರ ಕೊರಳಲ್ಲಿ. ಮೊದಮೊದಲು ತಾಯಿಯನ್ನು ಹುಡುಕುತ್ತಿತ್ತು. ಬರುಬರುತ್ತ ಹುಡುಕುವುದು ಬಿಟ್ಟಿತು. ನೀರು ಹೊರುವ ಹೆಂಗಸರು ಏರಿಯ ಮೇಲೆ ನಿಂತು, "ಏನಮ್ಮ, ನೀನೇ ಓಡ್ತೀಯೋ ಕುದುರೆ ಓಡ್ತದೋ?" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಗಂಡ ಹಿಂದೆಯೇ ಬಂದರು. ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಕುದುರೆಯ ಬೆನ್ನು ಹತ್ತಿದರು. ಅವತ್ತು ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.

ಹೊಸತೊಡಕು ಬಂತು. ಚಿಂತಾಮಣಿಯ ದಲ್ಲಾಳಿಯೂ ಬಂದ. ಅವನ ಹೆಗಲಲ್ಲಿ ಹೊಸ ಹಗ್ಗದ ಸಿಂಬಿ. ನಮ್ಮ ಕಡೆ ಮಾರಿದ ಪ್ರಾಣಿಯ ಜೊತೆ ಹಳೆ ಹಗ್ಗ ಕೊಡುವುದಿಲ್ಲ. ಕೊಂಡವನೇ ಹಗ್ಗ ತರಬೇಕು. "ಏಮ್ಮಾ, ಗುರ್ರಂ ಬಾಗುಂದಾ?" ಎಂದು ಕುದುರೆಯ ಕ್ಷೇಮವನ್ನು ತೆಲುಗಿನಲ್ಲಿ ನನ್ನನ್ನೇ ಕೇಳಿದ. ನಾನು ಮರಿಯ ಕೊರಳ ಗೆಜ್ಜೆಪಟ್ಟಿಯ ಗಂಟು ಇನ್ನಷ್ಟು ಬಿಗಿ ಮಾಡಿದೆ.

ಕೋಡಿಕಲ್ಲಿನ ಹತ್ತಿರ ಕೆಳಕೇರಿಯ ಗಂಡಸರು ಮರಿಯ ಕೊರಳು ನೋಡಿ ಗಲಾಟೆ ಎಬ್ಬಿಸಿದರು. ಗೆಜ್ಜೆ ನಮ್ಮದು, ಎರಡಕ್ಕೂ ಗೆಜ್ಜೆ ಕಟ್ಟಿದರೆ ಯಾರು ಮುಂದೆಂದು ಹೇಗೆ ತಿಳಿಯುವುದು ಎಂದು. ಮೇಲ್ಕೇರಿಯವರೂ ಮಾವನನ್ನು ದುರುಗುಟ್ಟಿ ನೋಡಿದರು. ಓಟವೇ ನಿಂತುಹೋಗುವ ಹಾಗಾಯಿತು. ಆಗ ಅಪ್ಪ ಕುದುರೆಯ ಮೇಲಿಂದಲೇ ಗದರಿದ.

"ನನ್ನ ಮನೇಲಿ ಹುಟ್ಟಿದ ಮರಿ ಗೆಜ್ಜೆ ಕಟ್ಕೊಂಡ್ರೆ ನಿಮಗೆಲ್ಲಿ ನೋಯ್ತದ್ರೋ? ಮೊದಲು ಬಂದೋನು ಕಲ್ಲು ಮುಟ್ಟಿದಾಗ ಕಣ್ಣಿಗೆ ಕಾಣ್ತದೆ. ಬಿಡ್ರಿ ದಾರಿ!"

ಟವಲು ಬೀಸಿದರು. ಎರಡೂ ಹೊರಟವು. ಹೊಂಗೆಮರದ ಅರ್ಧ ದಾರಿಯವರೆಗೆ ಕಂಡಿತು: ಮರಿ ಹೋಗಿ ತಾಯಿಯ ಎಡಪಕ್ಕೆ ಸೇರಿತು. ಅದೇ ಜಾಗ. ನನ್ನ ಪಕ್ಕದಲ್ಲಿದ್ದ ಅತ್ತೆ, "ಆಯ್ತು ಬಿಡು," ಎಂದು ನಿಟ್ಟುಸಿರು ಬಿಟ್ಟರು. ದಲ್ಲಾಳಿ ಹೆಗಲಿನ ಹಗ್ಗ ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ದೂಳು ಎದ್ದು ಎಲ್ಲವನ್ನೂ ಮುಚ್ಚಿತು.

ಆಮೇಲೆ ಉಳಿದದ್ದು ಗೆಜ್ಜೆ ಒಂದೇ. ಒಂದೇ ಪಟ್ಟಿಯ ಎರಡು ಎಳೆ, ಒಂದೇ ಸದ್ದು. ಮರ ಸುತ್ತಿ ತಿರುಗಿದ್ದು ತಿಳಿಯಿತು. ಸದ್ದು ಹತ್ತಿರ ಬಂತು. ಏರಿಯ ಮೇಲಿದ್ದ ಎರಡು ಕೇರಿಯವರೂ ಕಿವಿ ಕೊಟ್ಟು ನಿಂತಿದ್ದರು. ಊರು ಕಟ್ಟಿದಾಗಿನಿಂದ ಮೊದಲನೆಯ ಸಲ, ಗೆಲ್ಲುತ್ತಿರುವುದು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಮೊದಲು ಎರಡೂ ಸದ್ದು ಹೆಣೆದುಕೊಂಡು ಬರುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಂದು ಬಿಡಿಸಿಕೊಂಡಿತು. ಬಿಡಿಸಿಕೊಂಡು ಮುಂದೆ ಬಂತು, ಇನ್ನೂ ಮುಂದೆ ಬಂತು.

ಕಣ್ಣು ಬಿಟ್ಟೆ. ದೂಳು ಸೀಳಿಕೊಂಡು ಮೊದಲು ಹೊರಬಂದದ್ದು ಹಣೆಯ ಬಿಳಿ ಬೊಟ್ಟು.

"ನಮ್ದು! ನಮ್ಮ ಕೇರೀದು!" ಎಂದು ಯಾರೋ ಹೆಂಗಸು ಗಂಟಲು ಹರಿಯುವ ಹಾಗೆ ಕೂಗಿದಳು. ಅತ್ತೆ ತಿರುಗಿ ನನ್ನ ಮುಖ ನೋಡಿದಾಗಲೇ ಕೂಗಿದ್ದು ನಾನೆಂದು ನನಗೆ ತಿಳಿದದ್ದು.

ಮರಿ ಕೋಡಿಕಲ್ಲು ದಾಟಿತು. ದಾಟಿ, ಗಂಡ ಹಗ್ಗ ಜಗ್ಗಿದರೂ ಬಿಡದೆ ತಿರುಗಿಕೊಂಡು ಹೋಗಿ, ಹಿಂದೆ ಬರುತ್ತಿದ್ದ ತಾಯಿಯ ಎಡಪಕ್ಕದಲ್ಲಿ ನಿಂತುಕೊಂಡಿತು. ಮಾವ ದಲ್ಲಾಳಿಯ ಕಡೆ ನೋಡಿ, "ಹಗ್ಗ ಸುತ್ಕೋಪ್ಪ," ಎಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಏರಿಯ ಮೇಲೆ ಕೂತು ಅತ್ತುಬಿಟ್ಟೆ.

ಸಂಜೆ ಅಪ್ಪ ಅಮ್ಮನನ್ನು ಕರೆದುಕೊಂಡು ಉಣ್ಣಲು ಬಂದ. ಕುದುರೆಯನ್ನೂ ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವನಿಗೆ ನಾನು ನನ್ನ ಮನೆಯಲ್ಲಿ ಎಲೆ ಹಾಕಿದ್ದು ಅದೇ ಮೊದಲು. ಮಾವ ಎದುರಿಗೆ ಕೂತು, ಹಳೆಯ ಬಾಕಿ ತೀರಿಸುವವರ ಹಾಗೆ ಬಾಡು ಬಡಿಸಿಯೇ ಬಡಿಸಿದರು. ಅವರು ನೀರಿಗೆಂದು ಎದ್ದು ಹೋದಾಗ ನಾನು ಅಪ್ಪನ ಪಕ್ಕ ಕೂತೆ.

"ಕೊನೆಗೂ ಕಟ್ದೆ," ಎಂದ ಅಪ್ಪ, ಎಲೆಯಿಂದ ತಲೆ ಎತ್ತದೆ. "ಇಷ್ಟು ವರ್ಷ ಬೇಕಾಯ್ತಲ್ಲಮ್ಮ ನಿಂಗೆ. ಜೋಪಾನ ಅಂತ ಎರಡು ಸಲ ಹೇಳಿದ್ದೆ."

ನಾನು ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದೆ. "ನಿಂಗೆ ಗೊತ್ತಿತ್ತಾ? ಕುದುರೆ ಮಾರ್ತೀನಿ ಅಂತ ಕುಣೀತಿದ್ರು ಇಲ್ಲಿ. ಒಂದು ಮಾತು ಹೇಳಬಾರ್ದಾಗಿತ್ತಾ?"

"ಮಗಳಿಗೆ ಗೆಜ್ಜೆ ಕೊಡಬೋದು. ಮೇಲ್ಕೇರಿಯೋರಿಗೆ ಗುಟ್ಟು ಹೇಳಕ್ಕಾಗ್ತದಾ? ನಾನು ಕೆಳಕೇರಿಯೋನು ಕಣಮ್ಮ."

"ನಾನು ಮೇಲ್ಕೇರಿಯೋಳು," ಎಂದೆ. ಸಿಟ್ಟಿಗೇ ಅಂದದ್ದು.

ಅಪ್ಪ ಆಗ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. "ಕೇಳಿಸ್ತು ಬಿಡು. ದೂಳೊಳಗಿದ್ದೆ, ಆದ್ರೂ ಕೇಳಿಸ್ತು," ಎಂದ. ಕೊಟ್ಟಿಗೆಯಲ್ಲಿ ತಾಯಿ ಮರಿ ಎರಡೂ ಹುಲ್ಲು ಎಳೆದಾಗಲೆಲ್ಲ ಗೆಜ್ಜೆ ಆಡುತ್ತಿತ್ತು. ಅಪ್ಪ ಎಲೆಯನ್ನು ನನ್ನ ಕಡೆಗೆ ಸರಿಸಿ ಇನ್ನೊಂದು ಮುದ್ದೆ ಹಾಕು ಎಂದ.